ಮಾವ ತುಂಬಿಸಿದ ನೀರು

ತಿಥಿಗೆ ಇನ್ನೊಂದೇ ದಿನ ಉಳಿದಿತ್ತು. ನಯನಳಿಗೆ ಸೊಂಟ ಅನ್ನುವುದು ಇನ್ನೂ ಮೈಯಲ್ಲೇ ಇದೆಯೋ, ಕಳಚಿ ಎಲ್ಲಾದರೂ ಬಿದ್ದುಹೋಗಿದೆಯೋ ಗೊತ್ತಾಗುತ್ತಿರಲಿಲ್ಲ. ಮಾವ ಹೊನ್ನಯ್ಯನವರು ತೀರಿಕೊಂಡಾಗಿನಿಂದ ಮದ್ದೂರಿನ ಆ ಮನೆಗೆ ಜನ ಬರುತ್ತಲೇ ಇದ್ದರು. ಬಂದವರಿಗೆಲ್ಲ ಕಾಫಿ ಕೊಡಬೇಕು, ಹೇಗೆ ಹೋದರು ಅಂತ ಮೊದಲಿನಿಂದ ಹೇಳಬೇಕು, ಅವರು ಹೋದ ಮೇಲೆ ಲೋಟ ತೊಳೆಯಬೇಕು. ಸತ್ತವರಿಗಿಂತ ಲೋಟಗಳ ನೆನಪೇ ಜಾಸ್ತಿಯಾಗಿತ್ತು.

ಈ ದಿನ ಬೆಳಿಗ್ಗೆಯಿಂದ ಮನೆ ತೊಳೆಯುವ ಕೆಲಸ. ಅದರ ಯಜಮಾನಿಕೆ ಬೆಸಗರಹಳ್ಳಿಯಿಂದ ಬಂದಿದ್ದ ಪುಟ್ಟಮಾದಮ್ಮನದು. ಹೊನ್ನಯ್ಯನವರ ಅಕ್ಕ, ಮನೆಮಂದಿಗೆಲ್ಲ ದೊಡ್ಡತ್ತೆ. ಸಾವಾದ ದಿನ ಮನೆಯಲ್ಲಿ ನಿಂತಿದ್ದ ನೀರು ತಿಥಿಯ ಹೊತ್ತಿಗೆ ಒಳಗಿರಬಾರದು, ಅದು ಮೈಲಿಗೆ ಅನ್ನುವುದು ಆಕೆಯ ಕಟ್ಟುನಿಟ್ಟು. ಕೊಡ, ಹಂಡೆ, ಬಕೆಟ್ಟುಗಳು ಬರಿದಾದವು. ಫ್ರಿಜ್ಜಿನ ಬಾಟಲಿಗಳೂ ಬರಿದಾದವು. ಮಹಡಿ ಮೇಲಿನ ಟ್ಯಾಂಕಿನ ನೀರು ಬೀದಿಗೆ ಹರಿದು, ಎದುರು ಮನೆಯವರು ಗೊಣಗಿದ್ದೂ ಆಯಿತು. ಕೊನೆಗೆ ದೊಡ್ಡತ್ತೆಯ ಕಣ್ಣು ನಡುಮನೆಯ ಮೂಲೆಯಲ್ಲಿದ್ದ ಗಾಜಿನ ಮೀನಿನ ತೊಟ್ಟಿಯ ಮೇಲೆ ಬಿತ್ತು.

"ಇದ್ನೂ ಚೆಲ್ಬುಡವ್ವ."

"ಮೀನು ಸತ್ತೋಗ್ತವೆ ದೊಡ್ಡತ್ತೆ."

"ಮೀನ ಚೆಲ್ಲು ಅಂದ್ನಾ ನಾನು? ಅವ್ನ ಬಕೀಟ್ಗೆ ಬುಟ್ಟು, ತೊಟ್ಟಿ ಉಜ್ಜಿ, ನಲ್ಲಿ ನೀರು ತುಂಬ್ಸು. ಅವ್ಕೂ ಒಸಾ ನೀರು ಆಯ್ತದೆ."

ಮಾವನೂ ಒಂದು ಯುಗಾದಿಯಲ್ಲಿ ಹೀಗೇ ಅಂದುಕೊಂಡಿದ್ದರು. ಮನೆಯ ಜೊತೆಗೆ ತೊಟ್ಟಿಯನ್ನೂ ಸೋಪಿನ ಪುಡಿ ಹಾಕಿ ಉಜ್ಜಿ, ಬ್ಲೀಚಿಂಗ್ ಪೌಡರಿನ ವಾಸನೆ ಹೊಡೆಯುವ ನಲ್ಲಿ ನೀರು ತುಂಬಿಸಿ, ಮೀನುಗಳಿಗೂ ಹಬ್ಬ ಅಂದಿದ್ದರು. ಒಬ್ಬಟ್ಟಿನ ಊಟ ಮುಗಿಯುವುದರೊಳಗೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆಮೇಲೆ ಬೇರೆ ಮೀನು ತಂದು, ಅವರಿವರನ್ನು ಕೇಳಿ ಕಲಿತರು. ನೀರನ್ನು ಕಾಲು ಭಾಗ ಮಾತ್ರ ತೆಗೆಯಬೇಕು. ಹಾಕುವ ನೀರನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದಿಟ್ಟು ವಾಸನೆ ಹೋಗಲು ಬಿಡಬೇಕು. ಮೀನುಗಳನ್ನು ಹಿಡಿಯಲು ಹೋಗದೆ ತಳದ ಗಲೀಜನ್ನು ಸಣ್ಣ ಪೈಪಿನಲ್ಲಿ ಎಳೆದುಬಿಡಬೇಕು. ಹೊಸ ನೀರು ಧೊಪ್ಪನೆ ಬೀಳದ ಹಾಗೆ ಅಂಗೈ ಒಡ್ಡಿ ಇಳಿಬಿಡಬೇಕು. ಅವರ ಕೈ ನಡುಗಲು ಶುರುವಾದ ಮೇಲೆ ಬಕೆಟ್ ಎತ್ತುವುದು ನಯನಳ ಕೆಲಸವಾಯಿತು, ಅಂಗೈ ಒಡ್ಡುವುದು ಅವರದೇ ಉಳಿಯಿತು. ಆ ಮನೆಯಲ್ಲಿ ಅವಳ ಜೊತೆ ಕೂತು ನಾಲ್ಕು ಮಾತಾಡುತ್ತಿದ್ದವರು ಅವರೊಬ್ಬರೇ, ಅದೂ ಈ ತೊಟ್ಟಿಯ ಮುಂದೆ.

ಗಂಡ ರಘುನಂದನ್ ಬಾಗಿಲಲ್ಲಿ ಇಣುಕಿದ. "ದೊಡ್ಡತ್ತೆ ಹೇಳಿದಂಗೆ ಮಾಡ್ಬುಡು, ಸುಮ್ನೆ ಯಾಕೆ?" ಅಂದವನೇ ಶಾಮಿಯಾನದವನನ್ನು ನೋಡಲು ಹೋದ. ಇಂಥ ಹೊತ್ತಿನಲ್ಲಿ ಗಂಡಸರಿಗೆ ಶಾಮಿಯಾನದವರು ಹೇಗೋ ಸಿಕ್ಕೇ ಸಿಗುತ್ತಾರೆ.

ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಒಂದು ಗಳಿಗೆ ನಯನಳಿಗೂ ಹಾಗೇ ಅನ್ನಿಸಿತು. ಆದರೆ ಈ ಮೀನುಗಳೂ ಹೋದರೆ ಈ ಮನೆಯಲ್ಲಿ ತನ್ನದು ಅನ್ನುವುದು ಏನೂ ಇರುವುದಿಲ್ಲ.

"ಕಾಲು ಭಾಗ ತೆಗೀತೀನಿ ದೊಡ್ಡತ್ತೆ. ಅದಕ್ಕಿಂತ ಜಾಸ್ತಿ ಆಗಲ್ಲ."

"ಮೈಲ್ಗೇಲಿ ಕಾಲು ಮೈಲ್ಗೆ ಅಂತ ಬೇರೆ ಅದಾ?" ಮುದುಕಿ ಸೆರಗು ಸಿಕ್ಕಿಸಿಕೊಂಡು, ತಾನೇ ಚೊಂಬು ಹಿಡಿದು ಬಂದಳು. ಚೊಂಬು ನೀರಿಗೆ ಇಳಿದು ತುಂಬಿಕೊಂಡು ಮೇಲೆ ಬಂತು. ಮೀನುಗಳು ಮೂಲೆಗೆ ಓಡಿ ಒಂದರ ಮೇಲೊಂದು ಬಿದ್ದವು.

"ಅದು ಮಾವ ಹಾಕಿದ ನೀರು," ಅಂದಳು ನಯನ. ವಾದಕ್ಕೆಂದು ಆಡಿದ್ದಲ್ಲ, ಬೇರೆ ಮಾತು ಹುಡುಕಲು ಅವಳಲ್ಲಿ ತ್ರಾಣವಿರಲಿಲ್ಲ. "ಹೋಗೋ ಹಿಂದಿನ ದಿನ. ನಾನು ಬಕೆಟ್ ಹಿಡ್ಕೊಂಡಿದ್ದೆ, ಅವರು ಅಂಗೈ ಒಡ್ಡಿದ್ರು."

ಚೊಂಬು ಅಲ್ಲೇ ನಿಂತಿತು.

"ಅವ್ನ ಕೈ ಮ್ಯಾಲೆ ಬಿದ್ದು ಬಂದುದ್ದಾ ಇದು?"

"ಹೂಂ."

"ಅದ್ಕೂ ಮುಂಚೆ ಆಕಿದ್ದು?"

"ಅದೂ ಒಂಚೂರು ಇರುತ್ತೆ. ಪೂರ್ತಿ ಯಾವತ್ತೂ ಚೆಲ್ಲಲಿಲ್ವಲ್ಲ."

ಪುಟ್ಟಮಾದಮ್ಮ ಒದ್ದೆ ನೆಲದ ಮೇಲೇ ಕೂತಳು. "ನಾ ಬರೋ ಒತ್ಗೆ ಮೈ ತೊಳ್ದು ಮಲಗ್ಸ್‌ಬುಟ್ಟಿದ್ರು ಕಣವ್ವ," ಅಂದಳು. "ಎತ್ತಿ ಆಡ್ಸ್‌ದೋಳು ನಾನು. ಅವ್ನ ಬಾಯ್ಗೆ ಒಂದ್ ತೊಟ್ಟು ನೀರು ಬುಡಕ್ಕಾಗ್ನಿಲ್ಲ." ಎದ್ದು, ಚೊಂಬಿನ ನೀರನ್ನು ತೊಟ್ಟಿಗೇ ಮೆಲ್ಲಗೆ ಬಗ್ಗಿಸಿದಳು.

"ಈಗ ಕಾಲು ಭಾಗವೂ ಬದಲಾಯ್ಸಕ್ಕಾಗಲ್ಲ ದೊಡ್ಡತ್ತೆ. ಹಿಡಿದಿಟ್ಟ ನೀರನ್ನೆಲ್ಲ ಚೆಲ್ಲಿಬಿಟ್ವಲ್ಲ."

"ಬುಡು. ತಿಥಿ ಕಳೀಲಿ."

ಅಷ್ಟರಲ್ಲಿ ವಂಶದ ಹಿರಿಯ ಚಿಕ್ಕಣ್ಣ, ಕೈಯಲ್ಲಿ ಗಂಜಲದ ಬಟ್ಟಲು ಹಿಡಿದು ಹೊಸ್ತಿಲ ಆಚೆ ಬಂದು ನಿಂತ. ಮನೆಯೊಳಗೆಲ್ಲ ಚಿಮುಕಿಸಿ ಶುದ್ಧ ಮಾಡುವುದು ಅವನ ಕೆಲಸ. ಪುಟ್ಟಮಾದಮ್ಮ ಒಗೆದು ಹಿಂಡಿಟ್ಟಿದ್ದ ಸೀರೆಯೊಂದನ್ನು ಬಾಚಿಕೊಂಡು ತೊಟ್ಟಿಯ ಮೇಲೆ ಹರವಿದಳು, ಗಾಜು ಕಾಣದ ಹಾಗೆ ಎಳೆದಳು, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಅಳೇ ನೀರೆಲ್ಲ ಚೆಲ್ಲಾಯ್ತಾ ಅಕ್ಕ?" ಅಂದ ಚಿಕ್ಕಣ್ಣ.

ಮೈಲಿಗೆಯ ಮಾತು ಬಂದಾಗ ಹೆತ್ತ ಮಗನನ್ನೇ ಜಗಲಿಯಲ್ಲಿ ಕೂರಿಸಿ ಉಣಬಡಿಸಿದ್ದ ಹೆಂಗಸು ಆಕೆ.

"ಒಂದ್ ತೊಟ್ಟೂ ಉಳಿದಿಲ್ಲ ಕಣಪ್ಪ," ಅಂದಳು ಪುಟ್ಟಮಾದಮ್ಮ. "ನಾನೇ ನಿಂತು ಚೆಲ್ಲುಸ್ದೆ."

ನಯನ ಖಾಲಿ ಬಕೆಟ್ ಎತ್ತಿಕೊಂಡು, ತೊಟ್ಟಿಗೆಂದು ನೀರು ಹಿಡಿದಿಡಲು ಹಿತ್ತಲ ನಲ್ಲಿಯ ಕಡೆ ಹೋದಳು.