ಒಡೆಯದ ಗಾಜು

“‘ನೀವಿದ್ದೀರಲ್ಲ, ಇನ್ನೇನು ಭಯ’ ಅಂದರೆ ಏನರ್ಥ?”

ಕನ್ನಡಿಯಲ್ಲಿದ್ದ ತನ್ನದೇ ಅರ್ಧ ಗಡ್ಡ ಹೆರೆದ ಮುಖವನ್ನು ಅವನು ಕೇಳಿದ. ನಲ್ಲಿ ತೊಟ್ಟಿಕ್ಕುತ್ತಿತ್ತು. ಆ ಮಾತನ್ನು ಅವಳು ಆಡಿದ್ದು ನಿನ್ನೆ ಸಂಜೆ, ಬಸ್ಸು ಹತ್ತುವ ಮುಂಚೆ, ಅವನ ಅಂಗಿಯ ಮೇಲಿನ ಗುಂಡಿ ಹಾಕುತ್ತ. ಗುಂಡಿಯನ್ನು ನಂಬಬಹುದು. ಮಾತನ್ನು?

ಅವನ ಅಪ್ಪ ದಿನಾ ಬೆಳಿಗ್ಗೆ ದೇವರ ಪದ್ಯ ಓದುತ್ತಿದ್ದರು. ಓದಿ ಮುಗಿಸಿ, ಅರ್ಥ ಹೇಳುವ ಮುಂಚೆ ಒಂದು ಗಳಿಗೆ ಸುಮ್ಮನಿರುತ್ತಿದ್ದರು. ಆ ಮೌನದಲ್ಲಿ ಕೂತು ಬೆಳೆದ ಮಗನಿಗೆ, ಯಾರು ಏನೇ ಅಂದರೂ ಅದರ ಬೆನ್ನಿಗೆ ಇನ್ನೊಂದಿದೆ ಎಂಬ ಕಾಯಿಲೆ ಅಂಟಿಕೊಂಡಿತು. ದೇವರ ವಿಷಯದಲ್ಲಿ ಅದು ಭಕ್ತಿ. ಹೆಣ್ಣಿನ ವಿಷಯದಲ್ಲಿ ನಿದ್ದೆಗೇಡು.

ಫೋನು ಬಡಿದುಕೊಂಡಿತು. ಅಕ್ಕ.

“ಇವತ್ತೇ ತಾನೆ ಅವಳು ಹೇಳೋದು?”

“ಇವತ್ತು ಗಾಜು ನೋಡಬೇಕು. ಆಮೇಲೆ ಹೇಳ್ತೀನಿ ಅಂದಿದ್ದಾಳೆ.”

“ಅಂದ ಮೇಲೆ ಒಪ್ಪಿದ ಹಾಗೇ ಕಣೋ.”

“ಒಪ್ಪಿದೆ ಅಂತ ಅನ್ನಲಿಲ್ಲ.”

“ನಿನಗೆ ಹೆಂಡತಿ ಬೇಕೋ, ತೀರ್ಪು ಬೇಕೋ?” ಅಕ್ಕ ನಕ್ಕಳು. “ಒಳ್ಳೆ ಅಂಗಿ ಹಾಕ್ಕೊಂಡು ಹೋಗು. ಆ ಸಿಮೆಂಟಿನದು ಬೇಡ.”

ಅವನ ಕೆಲಸ ಬಿರುಕು ನೋಡುವುದು. ಹಳೆಯ ಕಟ್ಟಡದ ಗೋಡೆ ಬಾಯಿ ಬಿಟ್ಟರೆ ಕಚೇರಿ ಅವನನ್ನು ಕಳಿಸುತ್ತದೆ. ಬಿರುಕಿಗೆ ಅಡ್ಡವಾಗಿ ಬೆರಳುದ್ದದ ತೆಳು ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಪ್ಲಾಸ್ಟರ್ ಮೆತ್ತಿ, ಅದು ಹಸಿ ಇರುವಾಗಲೇ ಮೊಳೆಯಿಂದ ತಾರೀಖು ಕೊರೆದು ಬರುತ್ತಾನೆ. ನಲವತ್ತು ದಿನ ಬಿಟ್ಟು ಮತ್ತೆ ಹೋಗುತ್ತಾನೆ. ಗಾಜು ಇದ್ದ ಹಾಗೇ ಇದ್ದರೆ ಬಿರುಕು ತುಂಬಿಸಿ ಸುಣ್ಣ ಬಳಿದರಾಯಿತು. ಗೋಡೆ ಕೂದಲೆಳೆಯಷ್ಟು ಅಲುಗಿದ್ದರೂ ಗಾಜು ಸೀಳಿರುತ್ತದೆ. ಅವತ್ತೇ ಕಟ್ಟಡ ಖಾಲಿ ಮಾಡಿಸಬೇಕು.

ಕಚೇರಿಯಲ್ಲಿ ಗಾಜು ಕತ್ತರಿಸಿದ ಮೇಲೆ ಅದರ ಅಂಚನ್ನು ಸಾಣೆಕಲ್ಲಿಗೆ ತಿಕ್ಕಿ ಮೊಂಡು ಮಾಡುತ್ತಾನೆ. ನಿಯಮದಲ್ಲಿಲ್ಲ. ಮನೆಯವರ ಕೈ ಕುಯ್ಯದಿರಲಿ ಎಂದು ಅವನೇ ಮಾಡಿಕೊಂಡ ರೂಢಿ. ಈವರೆಗೆ ಅದನ್ನು ಯಾರೂ ಗಮನಿಸಿರಲಿಲ್ಲ.

ನಲವತ್ತು ದಿನದ ಹಿಂದೆ, ಹದಿನಾರು ಮನೆಗಳ ಆ ಕಟ್ಟಡದ ಮೂರನೇ ಮಹಡಿಯಲ್ಲಿ, ಅವನು ಗಾಜು ಮೆತ್ತುವಾಗ ಪ್ಲಾಸ್ಟರಿನ ಬಟ್ಟಲು ಹಿಡಿದು ನಿಂತವಳು ಅವಳು. ಕಣ್ಣು ಕಾಣದ ತಾಯಿಯೊಂದಿಗೆ ಇದ್ದಳು. “ಇದು ಒಡೆದರೆ ಏನಾಗತ್ತೆ?” ಎಂದು ಕೇಳಿದ್ದಳು. ಹೇಳಿದ. “ಒಡೆಯದೆ ಇದ್ದರೆ?” ಅದನ್ನೂ ಹೇಳಿದ. ಎರಡು ದಿನ ಬಿಟ್ಟು ಅವಳೇ ಫೋನು ಮಾಡಿದಳು. ಆಮೇಲೆ ಸಂಜೆಗಳು, ಬೆಂಚು, ಬಸ್ ನಿಲ್ದಾಣ. ಒಂದು ದಿನ “ನೀನು” ಅಂದಳು. ಮರುದಿನ ಮತ್ತೆ “ನೀವು”. ಆ ಒಂದು “ನೀನು”ವನ್ನು ಅವನು ವಾರವಿಡೀ ಜೇಬಿನಲ್ಲಿಟ್ಟುಕೊಂಡು ತಿರುಗಿದ.

ಹತ್ತು ದಿನದ ಹಿಂದೆ ಮದುವೆಯ ಮಾತೆತ್ತಿದಾಗ ಅವಳೆಂದದ್ದು ಇಷ್ಟೇ: “ಮೊದಲು ಗಾಜಿನದು ಮುಗೀಲಿ.”

ಕಚೇರಿಯಲ್ಲಿ ಸಾಹೇಬರು ಫಾರಂ ಕೊಟ್ಟರು. ಅದರಲ್ಲಿ ಎರಡು ಚೌಕ: ಚಲನೆ ಇದೆ, ಚಲನೆ ಇಲ್ಲ.

“ಒಂದು ಗುರುತು ಹಾಕಿ, ಸಹಿ ಮಾಡಿ, ಐದಕ್ಕೆ ತನ್ನಿ. ಹೋದ ಸಲದ ಹಾಗೆ ಪುರಾಣ ಬರೀಬೇಡ್ರೀ.”

“ಸಂಶಯ ಇದ್ದರೆ ಸರ್?”

“ಸಂಶಯಕ್ಕೆ ಚೌಕ ಇಲ್ಲ.”

ಮಧ್ಯಾಹ್ನ ಮೂರಕ್ಕೆ ಮೆಟ್ಟಿಲು ಹತ್ತಿದ. ಎರಡನೇ ಮಹಡಿಯಲ್ಲಿ ಯಾರೋ ಮಗುವಿಗೆ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಬಾಗಿಲು ತೆರೆದವಳು ಪಕ್ಕಕ್ಕೆ ಸರಿದಳು. ತಲೆ ಬಾಚಿಕೊಂಡಿದ್ದಳು. ಅವನಿಗಾಗಿಯೋ, ಫಾರಮ್ಮಿಗಾಗಿಯೋ?

“ಯಾರು, ಗಾಜಿನವರಾ?” ತಾಯಿ ಒಳಗಿನಿಂದ ಗೋಡೆ ತಡವುತ್ತ ಬಂದರು. “ಬಾಪ್ಪಾ. ಬಾಗಿಲಿಂದ ನನ್ನ ಕುರ್ಚಿಗೆ ಹನ್ನೊಂದು ಹೆಜ್ಜೆ. ನನಗೆ ಕಣ್ಣು ಹೋಗಿದ್ದು ಈ ಮನೇಲೇ, ಅದಕ್ಕೆ ಈ ಮನೆ ಮಾತ್ರ ಕಾಣತ್ತೆ.” ಅವರ ತೋರುಬೆರಳಿಗೆ ಬಟ್ಟೆ ಸುತ್ತಿತ್ತು.

“ಕೈಗೇನಾಯ್ತಮ್ಮ?”

“ನಿನ್ನ ಗಾಜೇ. ಮೊದಲು ಎಷ್ಟು ನುಣ್ಣಗಿತ್ತು! ದಿನಾ ಸವರ್ತಿದ್ದೆ. ಹೋದ ವಾರದಿಂದ ಕುಯ್ಯತ್ತೆ.”

“ಅಮ್ಮ, ನೀನು ಒಳಗೆ ಹೋಗಿ ಮಲಕ್ಕೋ,” ಅಂದಳು ಅವಳು.

ತಾಯಿ ಎಣಿಸುತ್ತ ಒಳಗೆ ಹೋದರು.

ಅವನು ಕಿಟಕಿಯ ಪಕ್ಕದ ಬಿರುಕಿನ ಎದುರು ಹೋಗಿ ನಿಂತ. ಗಾಜು ಇಡಿಯಾಗಿತ್ತು. ಪ್ಲಾಸ್ಟರಿನ ಮೇಲೆ ತಾರೀಖು ಇತ್ತು, ಅವನದೇ ಕೈಬರಹದಲ್ಲಿ, ಮೊಳೆ ಜಾರಿ ಬಾಲ ಬೆಳೆದ ಕೊನೆಯ ಅಂಕಿಯ ಸಮೇತ. ಸಮಾಧಾನದ ಉಸಿರು ಬಿಡಲು ಬೇಕಾದುದೆಲ್ಲ ಇತ್ತು. ಬೆರಳಿಟ್ಟು ಅಂಚನ್ನು ಸವರಿದ.

ಚುರ್ ಎಂದಿತು.

ಅಂಗಡಿಯಿಂದ ತಂದು ಕತ್ತರಿಸಿದ ಗಾಜು; ಸಾಣೆಯ ಮುಖ ಕಾಣದ್ದು. ಅವನ ಗಾಜು ಯಾವಾಗಲೋ ಸೀಳಿತ್ತು. ಅದನ್ನು ಕಿತ್ತು, ಹೊಸದು ಇಟ್ಟು, ಪ್ಲಾಸ್ಟರ್ ಕಲಸಿ, ಅವನ ಅಕ್ಷರವನ್ನು ಎಷ್ಟು ಸಲ ತಿದ್ದಿ ಕಲಿತಿದ್ದಳೋ. ತನ್ನನ್ನು ಇಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು.

“ರಕ್ತ ಬರ್ತಿದೆ,” ಅಂದಳು. ಹಳೆಯ ಬಟ್ಟೆ ತಂದು, ಹಲ್ಲಿನಿಂದ ಹರಿದು, ಅವನ ಬೆರಳಿಗೆ ಸುತ್ತತೊಡಗಿದಳು.

“ಯಾವತ್ತು ಒಡೀತು?”

“ಇದೆಯಲ್ಲ, ಎದುರಿಗೇ.”

“ಇದು ನಾನು ಹಾಕಿದ್ದಲ್ಲ.”

“ನೀವು ಹಾಕಿದ್ದೇ ಅಂತ ನೀವು ಅಂದರೆ, ಅಲ್ಲ ಅನ್ನೋರು ಯಾರಿದ್ದಾರೆ? ಈ ಮನೆ ಬಿಟ್ಟರೆ ಅಮ್ಮನಿಗೆ ಎಲ್ಲಾ ಕತ್ತಲೆ.”

ನಿನ್ನೆಯ ಮಾತು ಈಗ ಅರ್ಥವಾಯಿತು ಎಂದುಕೊಂಡ. ನೀವಿದ್ದೀರಲ್ಲ, ಇನ್ನೇನು ಭಯ. ಬೆಂಚಿನ ಮೇಲೆ ಆಡಿದ್ದು, ಫೋನಿನಲ್ಲಿ ಆಡಿದ್ದು, ಒಂದೊಂದನ್ನೂ ತೆಗೆದು ಈ ಅರ್ಥಕ್ಕೆ ಹಿಡಿದು ನೋಡಿದ. ಎಲ್ಲವೂ ಸರಿಯಾಗಿ ಕೂತವು. ಆದರೆ ಮೊದಲಿನ, ಪ್ರೀತಿಯ ಅರ್ಥಕ್ಕೂ ಅಷ್ಟೇ ಸರಿಯಾಗಿ ಕೂರುತ್ತಿದ್ದವು.

“ನನ್ನ ಪ್ರಶ್ನೆಗೆ ಇವತ್ತು ಉತ್ತರ ಹೇಳ್ತೀನಿ ಅಂದಿದ್ರಿ.”

“ಹೇಳ್ತೀನಿ.” ಬಟ್ಟೆಯ ಗಂಟು ಬಿಗಿದಳು. “ಮೊದಲು ನೀವು ಬರೀರಿ.”

ಮೇಲಿನ ಮನೆಯಲ್ಲಿ ಯಾರೋ ಮಂಚ ಎಳೆದರು. ಬಿರುಕಿನ ಬಾಯಿಂದ ಒಂದಿಷ್ಟು ಪುಡಿ, ಮರಳುಗಡಿಯಾರದ ಮರಳಿನಷ್ಟು ಸದ್ದಿಲ್ಲದೆ, ಕಿಟಕಿಯ ಕಟ್ಟೆಗೆ ಸುರಿಯಿತು. ಅವಳು ಅದನ್ನು ಅಂಗೈಯಿಂದ ಒರೆಸಿದಳು. ದಿನವೂ ಒರೆಸುವವಳ ಹಾಗೆ, ನೋಡದೇ ಒರೆಸಿದಳು.

ಅವನು ಫಾರಮ್ಮನ್ನು ಗೋಡೆಗೆ ಒತ್ತಿ ಹಿಡಿದು ಪೆನ್ನು ತೆಗೆದ. ಸುತ್ತಿದ ಬೆರಳು ಮಡಚಲಿಲ್ಲ. ಎರಡು ಚೌಕಗಳ ನಡುವೆ ಪೆನ್ನಿನ ಮೊನೆ ನಿಂತಿತು. ಕೆಳಗೆ ಮಗು ಏಳರ ಮಗ್ಗಿಯಲ್ಲಿ ತಪ್ಪಿತು, ಮೊದಲಿನಿಂದ ಶುರುಮಾಡಿತು. ಗೋಡೆಯಾಚೆ ತಾಯಿ ಹೆಜ್ಜೆ ಎಣಿಸುತ್ತಿದ್ದುದು ಕೇಳಿಸಿತು, ಮಲಗಿರಲಿಲ್ಲ.

“ನಾನು ಇದರಲ್ಲಿ ಏನೇ ಬರೀಲಿ,” ಅಂದ. “ಅಮ್ಮನ್ನ ಕರಕೊಂಡು ಈಗಲೇ ನನ್ನ ಮನೆಗೆ ಬಂದುಬಿಡಿ. ಮದುವೆ ವಿಷಯ ಆಮೇಲೆ ನೋಡೋಣ. ಈ ಗೋಡೆ ಕೆಳಗೆ ಇನ್ನೊಂದು ರಾತ್ರಿ ಇರಬೇಡಿ. ಇಷ್ಟೇ ನಾನು ಕೇಳೋದು. ಬನ್ನಿ.”

ಅವಳು ಗಾಜನ್ನೇ ನೋಡುತ್ತಿದ್ದಳು. ಅವನ ಬೆರಳಿನ ರಕ್ತ ಅದರ ಮೇಲಿನಂಚಿನಿಂದ ಕೆಳಗಿನಂಚಿಗೆ ಇಳಿದು, ಸಣ್ಣ ಗೆರೆಯಾಗಿ ಒಣಗಿತ್ತು. ಇಡೀ ಗಾಜು ಸರಿಯಾಗಿ ನಟ್ಟನಡುವೆ ಸೀಳಿದ ಹಾಗೆ.

ಅರ್ಥ ಹೇಳುವ ಮುಂಚೆ ಅಪ್ಪ ಇರುತ್ತಿದ್ದಷ್ಟು ಹೊತ್ತು ಅವಳು ಸುಮ್ಮನಿದ್ದಳು.

“ಇಲ್ಲ,” ಅಂದಳು. “ಬರೋದಿಲ್ಲ.”