ಸುಟ್ಟ ಅಂಚು

ಅತ್ತೆ ಗಾಜಿನ ಬಟ್ಟಲಲ್ಲಿ ಅಂಜೂರದ ಪಾಕ ತಂದು ಮುಂದಿಟ್ಟಾಗಲೇ ನನ್ನ ನಾದಿನಿ ಮಿರುಷೆಯ ಮುಖ ಸಪ್ಪಗಾಯಿತು. ಒಂದು ಚಮಚ ಪಾಕ, ಪಕ್ಕದಲ್ಲಿ ತಣ್ಣೀರಿನ ಲೋಟ, ಆಮೇಲೆ ಕಾಫಿ. ನಮ್ಮ ತ್ರೊಪೊಯಾ ಬೆಟ್ಟದ ಕಡೆ ಇದು ಅತಿಥಿಗೆ ಮಾಡುವ ಮರ್ಯಾದೆ. ಮನೆ ಮಗಳು ಬಂದರೆ ಪಾಕ ಯಾರು ಕೊಡುತ್ತಾರೆ? ಕೈ ತೊಳೆದು ಆಲೂಗಡ್ಡೆ ಸುಲಿ ಅನ್ನುತ್ತಾರೆ, ಅಷ್ಟೇ.

"ದಾರೀಲಿ ದಣಿವಾಯ್ತಾ? ಆರೋಗ್ಯ ಹೇಗಿದೆ? ಮನೆ ಕಡೆ ಎಲ್ರೂ ಚೆನ್ನಾಗಿದಾರಾ?" ಅತ್ತೆ ಒಂದೊಂದಾಗಿ ಕೇಳಿದರು. ಹೊರಗಿನಿಂದ ಬಂದವರನ್ನು ಇದೇ ಸಾಲಿನಲ್ಲಿ ವಿಚಾರಿಸುವುದು ನಮ್ಮ ವಾಡಿಕೆ.

"ಯಾವ ಮನೆ ಅಮ್ಮಾ? ನನ್ನ ಮನೆ ಇದೇ ಅಲ್ವಾ?" ಅಂದಳು ಮಿರುಷೆ.

"ಕಾಫಿ ಆರುತ್ತೆ, ಕುಡಿ."

ಮಿರುಷೆ ಇಟಲಿಯ ಒಂದು ಪಟ್ಟಣದಲ್ಲಿ ವಯಸ್ಸಾದ ಹೆಂಗಸೊಬ್ಬಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಹೋಗಿ ಒಂಬತ್ತು ವರ್ಷ. ಐದು ವರ್ಷದ ಹಿಂದೆ ಮಾವ ಹಾಸಿಗೆ ಹಿಡಿದು ತೀರಿಕೊಂಡಾಗ ಅವಳ ಹತ್ತಿರ ಕಾಗದಪತ್ರ ಸರಿ ಇರಲಿಲ್ಲ. ಗಡಿ ದಾಟಿ ಬಂದರೆ ವಾಪಸು ಸೇರಿಸುತ್ತಿರಲಿಲ್ಲ. ಬರಲಿಲ್ಲ. ಕಾಗದದ ಕಥೆ ಎಷ್ಟು ಹೇಳಿದರೂ ಅತ್ತೆಯ ಕಿವಿಗೆ ಹೋಗಲೇ ಇಲ್ಲ. "ಯಾರ್ದೋ ತಾಯಿಗೆ ಸೂಪು ಕುಡಿಸ್ತಾ ಕೂತಿದ್ಲು" ಎಂದು ಒಂದೇ ಒಂದು ಸಲ ಅಂದರು. ಆಮೇಲೆ ಮಗಳ ಸುದ್ದಿಯನ್ನೇ ಎತ್ತಲಿಲ್ಲ.

ನನಗೂ ಅವಳ ಮೇಲೆ ಸಿಟ್ಟಿತ್ತು, ಸುಳ್ಳು ಹೇಳಲಾರೆ. ಮಾವನ ಕೊನೆಯ ದಿನಗಳ ಚಾಕರಿ ಮಾಡಿದ್ದು ಸೊಸೆಯಾದ ನಾನು. ಆದರೆ ಕಾಗದ ಸರಿಯಾಗಿ ಈಗ ಅವಳು ಬಂದಿದ್ದ ಮೂರು ದಿನ ಅತ್ತೆ ಅವಳಿಗೆ ಮಾಡಿದ ಉಪಚಾರ ನೋಡಿ ನನ್ನ ಸಿಟ್ಟೇ ಇಳಿದುಹೋಯಿತು. ಒಲೆಯ ಪಕ್ಕದ ಗೌರವದ ಜಾಗ ಅವಳಿಗೆ. ಮಾಂಸದ ಒಳ್ಳೆಯ ತುಂಡು ಅವಳಿಗೆ. ತಟ್ಟೆ ಎತ್ತಲು ಕೈ ಹಾಕಿದರೆ, "ಛೆ ಛೆ, ನೀನು ಕೂತ್ಕೊಮ್ಮಾ, ದೂರದಿಂದ ಬಂದಿದ್ದೀಯ" ಎಂದು ಕಿತ್ತುಕೊಳ್ಳುವರು. ಯಾಕೆ ಬರಲಿಲ್ಲ ಅಂತ ಒಂದು ಮಾತು ಕೇಳಲಿಲ್ಲ. ಅತಿಥಿಯನ್ನು ಹಾಗೆಲ್ಲ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

"ನೋಡು ಸಾನಿಯೆ, ಅಮ್ಮ ಎಷ್ಟು ಚೆನ್ನಾಗಿ ನೋಡ್ಕೊಳ್ತಿದಾಳೆ!" ಎಂದು ನನ್ನ ಗಂಡ ಇಸುಫ್ ಹಿಗ್ಗಿದ. ಈ ಗಂಡಸಿಗೆ ದೇವರು ಕಣ್ಣು ಕೊಟ್ಟಿದ್ದು ಯಾಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಶನಿವಾರ ನಲ್ಲಿಯ ಹತ್ತಿರ ಮಿರುಷೆ ನನ್ನ ಕೈ ಹಿಡಿದುಕೊಂಡಳು. "ಅತ್ತಿಗೆ, ಅಮ್ಮ ಒಂದ್ಸಲ ಬೈದ್ಬಿಟ್ರೆ ಸಾಕಿತ್ತು. ಕೆನ್ನೆಗೆ ಬಾರಿಸಿದ್ರೂ ಸರಿ. ನಾಳೆ ಹೀಗೇ ಕಳಿಸಿಬಿಟ್ರೆ ನಾನು ಮತ್ತೆ ಈ ಮನೆಗೆ ಬರಲ್ಲ. ಅತಿಥಿಯಾಗಿ ಬರೋಕೆ ನನ್ನಿಂದಾಗಲ್ಲ."

ಭಾನುವಾರ ಮೂರು ಗಂಟೆಗೆ ಅವಳ ವ್ಯಾನು. ಅತಿಥಿಯನ್ನು ಬರಿಹೊಟ್ಟೆಯಲ್ಲಿ ಕಳಿಸುವುದುಂಟೇ? ಬೆಳಗ್ಗೆ ಏಳಕ್ಕೇ ಅತ್ತೆ ಅಂಗಳದಲ್ಲಿ ಬೆಂಕಿ ಹಾಕಿಸಿದರು, ಫ್ಲಿಯಾ ಎಂಬ ಪದರದ ರೊಟ್ಟಿ ಮಾಡಲು. ನೀರು, ಹಿಟ್ಟು, ಉಪ್ಪು ಇಷ್ಟೇ ಅದು, ಆದರೆ ಅರ್ಧ ದಿನ ತಿನ್ನುತ್ತದೆ. ದುಂಡು ತಟ್ಟೆಯಲ್ಲಿ ತೆಳು ಹಿಟ್ಟನ್ನು ನಡುವಿನಿಂದ ಅಂಚಿಗೆ ಸೂರ್ಯನ ಕಿರಣದಂತೆ ಎಳೆ ಎಳೆಯಾಗಿ ಬಿಡಬೇಕು, ನಡುನಡುವೆ ಜಾಗ ಬಿಟ್ಟು. ಕೆಂಡದಲ್ಲಿ ಕಾದ ಸಾಚನ್ನು, ಆ ಭಾರದ ಕಬ್ಬಿಣದ ಮುಚ್ಚಳವನ್ನು, ಕೊಕ್ಕೆಯಲ್ಲಿ ಎತ್ತಿ ತಂದು ಮುಚ್ಚಬೇಕು. ಬೆಂದ ಮೇಲೆ ತೆಗೆದು, ಖಾಲಿ ಬಿಟ್ಟ ಜಾಗಕ್ಕೆ ಮತ್ತೆ ಹಿಟ್ಟು. ಅದು ಬೆಂದರೆ ಕೆನೆ ಸವರಿ ಮುಂದಿನ ಪದರ. ಹೀಗೆ ಇಪ್ಪತ್ತು ಪದರ. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

ಅತ್ತೆ ಹಿಟ್ಟು ಬಿಡುತ್ತಿದ್ದರು, ನಾನು ಸಾಚ್ ಎತ್ತುತ್ತಿದ್ದೆ, ಮಿರುಷೆ ಕುರ್ಚಿಯ ಮೇಲೆ ಮದುವಣಗಿತ್ತಿಯ ಹಾಗೆ ಕೂತಿದ್ದಳು. ಮೂರು ಪದರ ಆಯಿತು. ನಾನು ಕೊಕ್ಕೆ ಕೆಳಗಿಟ್ಟು, "ಅಯ್ಯೋ, ಹಸು ಹಗ್ಗ ಬಿಚ್ಕೊಂಡಿದೆ!" ಎಂದು ಓಡಿದೆ. ಹಸು ತನ್ನ ಪಾಡಿಗೆ ಮೆಲುಕು ಹಾಕುತ್ತಿತ್ತು. ನಾನು ಪ್ಲಮ್ ಮರದ ಹಿಂದೆ ನಿಂತೆ. ಕದ್ದು ನೋಡುವುದು ತಪ್ಪು, ಗೊತ್ತು. ನೋಡಿದೆ.

ಅತ್ತೆ ಎದ್ದು ಕೊಕ್ಕೆ ಹಿಡಿದರು. ಎಪ್ಪತ್ತೆರಡರ ಕೈ, ಸಾಚ್ ಗಡಗಡ ಅಲುಗಿತು. ಮಿರುಷೆ ಕುರ್ಚಿ ಬಿಟ್ಟು ಬಂದು ಕೊಕ್ಕೆ ಕಸಿದುಕೊಂಡಳು.

"ಕೂತ್ಕೊಮ್ಮಾ, ಬಟ್ಟೆಗೆ ಹೊಗೆ ಹಿಡಿಯುತ್ತೆ."

"ಹಿಡೀಲಿ ಬಿಡು."

ಸಾಚ್ ಬದಿಗಿಟ್ಟು ಸೌಟನ್ನೂ ಅವಳೇ ತೆಗೆದುಕೊಂಡಳು. ಒಂಬತ್ತು ವರ್ಷ ಸೂಪು ಬಡಿಸಿದ ಕೈ. ಖಾಲಿ ಜಾಗಕ್ಕೆ ಹಾಕುವುದು ಬಿಟ್ಟು, ಬೆಂದ ಎಳೆಗಳ ಮೇಲೇ ಸರಸರ ಹಿಟ್ಟು ಎಳೆದಳು.

"ಏ ಕತ್ತೆ!" ಅತ್ತೆಯ ಕೂಗಿಗೆ ಕೋಳಿಗಳು ಚೆದುರಿದವು. "ಕಣ್ಣು ಎಲ್ಲಿಟ್ಟಿದ್ದೀಯೇ? ಬೆಂದಿದ್ದರ ಮೇಲೇ ಸುರೀತಾಳೆ! ಎಂಟು ವರ್ಷದವಳಿದ್ದಾಗ್ಲೇ ಕಲಿಸಿದ್ನಲ್ಲೇ! ಏನು, ಸಮುದ್ರಕ್ಕೆ ಹಾಕಿಬಂದ್ಯಾ ಎಲ್ಲಾನೂ?"

ಅತ್ತೆಯ ಬಾಯಿ ನಿಲ್ಲಲಿಲ್ಲ. ತಡೆದಿಟ್ಟಿದ್ದೆಲ್ಲ ಹೊರಗೆ ಬಂತು.

"ಹನ್ನೊಂದು ದಿನ ನಿಮ್ಮಪ್ಪ ಬಾಗಿಲ ಕಡೆ ಮುಖ ಮಾಡಿ ಮಲಗಿದ್ರು. ಗೋಡೆ ಕಡೆ ತಿರುಗಿಸಿದ್ರೆ ರೇಗ್ತಿದ್ರು. ನಾಯಿ ಬೊಗಳಿದ್ರೆ ಮಿರುಷೆ ಬಂದ್ಲು ನೋಡು ಅನ್ನೋರು. ನಾನು ಪ್ರತಿ ಸಲ ಎದ್ದು ಹೋಗಿ ನೋಡ್ತಿದ್ದೆ. ಪ್ರತಿ ಸಲ ವಾಪಸು ಬಂದು ಏನಂತ ಹೇಳ್ಲಿ ಅವ್ರಿಗೆ? ಹೇಳೇ, ಏನಂತ ಹೇಳ್ಲಿ?"

ಮಿರುಷೆಯ ಬಾಯಲ್ಲಿ ಕಾಗದಪತ್ರದ ಮಾತು ಈಗ ಬರುತ್ತದೆ ಅಂದುಕೊಂಡೆ. ಬರಲಿಲ್ಲ.

"ಬರಬೇಕಿತ್ತು ಅಮ್ಮಾ," ಅಂದಳು ಮಿರುಷೆ. "ಏನಾದ್ರೂ ಆಗ್ಲಿ ಅಂತ ಬರಬೇಕಿತ್ತು ನಾನು."

"ಹೂಂ. ಬರಬೇಕಿತ್ತು."

ಇಬ್ಬರೂ ಅತ್ತರು. ಮರದ ಹಿಂದೆ ನನಗೂ ಅಳು ಬಂತು. ಮಾವ ಒಳ್ಳೆಯ ಮನುಷ್ಯ. ಆಮೇಲೆ ಅತ್ತೆ ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡು, "ಅಳೋದು ಆಮೇಲೆ. ಸಾಚ್ ಆರ್ತಿದೆ, ಎತ್ತು" ಅಂದರು.

ಮುಂದಿನ ಹದಿನೇಳು ಪದರವೂ ಬೈಗುಳದಲ್ಲೇ ಬೆಂದವು. ಹಿಟ್ಟು ದಪ್ಪವಾಯ್ತು, ಕೆನೆ ಜಾಸ್ತಿಯಾಯ್ತು, ಕೂದಲು ಕಟ್ಟಿಕೊಳ್ಳೋಕೆ ಬರಲ್ವಾ. ನಾನು ವಾಪಸು ಬಂದಾಗ ಅತ್ತೆ ತಲೆ ಎತ್ತದೆ ಕೇಳಿದರು: "ಹಸು ಸಿಕ್ತಾ?"

"ಸಿಕ್ತು ಅತ್ತೆ."

"ಒಂದು ಗಂಟೆ ಬೇಕಾಯ್ತು, ಪಾಪ."

ಊಟಕ್ಕೆ ಕೂತಾಗ ಮೊದಲ ತುಂಡು ಅತಿಥಿಗೆ ಹೋಗಬೇಕು. ಅತ್ತೆ ಅದನ್ನು ನನ್ನ ತಟ್ಟೆಗೆ ಹಾಕಿ, ಮೇಲೆ ಜೇನು ಸುರಿದರು. ನಾನು ಸೊಸೆಯಾಗಿ ಬಂದ ಹದಿನೇಳು ವರ್ಷದಲ್ಲಿ ಮೊದಲ ಸಲ. ಆಮೇಲೆ ಇಸುಫ್‌ಗೆ, ಆಮೇಲೆ ತಮಗೆ. ಕಡೆಗೆ ಸುಟ್ಟು ಕರಕಲಾದ ಅಂಚಿನ ತುಂಡನ್ನು ಮಿರುಷೆಯತ್ತ ತಳ್ಳಿದರು. "ಯಾರು ಸುಟ್ರೋ ಅವ್ರೇ ತಿನ್ಲಿ."

ಮಿರುಷೆ ಕರಿ ಪುಡಿಯನ್ನೂ ಬಿಡದೆ ಬೆರಳಲ್ಲಿ ಒತ್ತಿ ತಿಂದಳು.

ಅತಿಥಿ ಹೊರಟರೆ ಮನೆಯ ಹಿರಿಯರು ರಸ್ತೆಯ ತಿರುವಿನ ತನಕ ಹೋಗಿ ಬೀಳ್ಕೊಡಬೇಕು, ಕಾಲು ನೋವಿದ್ದರೂ. ವ್ಯಾನು ಹಾರ್ನ್ ಹೊಡೆಯಿತು. ಅತ್ತೆ ಅಡುಗೆಮನೆಯಲ್ಲಿ ಕೂತು ತಟ್ಟೆ ಕೆರೆಯುತ್ತಿದ್ದರು.

"ಅಮ್ಮಾ, ಹೋಗ್ಬರ್ತೀನಿ."

"ಗೇಟು ಹಾಕ್ಕೊಂಡು ಹೋಗು, ಕೋಳಿ ಆಚೆ ಹೋಗ್ತವೆ," ಅತ್ತೆ ತಿರುಗಿ ನೋಡಲಿಲ್ಲ. "ಅಕ್ಟೋಬರಿಗೆ ಬಾ. ಮೆಣಸಿನಕಾಯಿ ಉಪ್ಪಿಗೆ ಹಾಕ್ಬೇಕು, ಇಲ್ಲಿ ಕೆಲಸಕ್ಕೆ ಜನ ಇಲ್ಲ."

ಚೀಲ ಹೊತ್ತ ಇಸುಫ್ ಅಂಗಳದಲ್ಲಿ ಸಿಡುಕಿದ: "ಅಮ್ಮನಿಗೇನಾಗಿದೆ? ಬಾಗಿಲ ತನಕಾನೂ ಬರ್ಲಿಲ್ಲ!"

ಮಿರುಷೆ ಆಚೆ ಹೋಗಿ ಗೇಟು ಎಳೆದು, ಚಿಲಕ ಬಿತ್ತೋ ಇಲ್ಲವೋ ಎಂದು ಎರಡು ಸಲ ಅಲುಗಿಸಿ ನೋಡಿದಳು. ಕಣ್ಣಲ್ಲಿ ನೀರು, ಬಾಯ್ತುಂಬ ನಗು.