ಸೋಮವಾರದ ಅವಲಕ್ಕಿ

ಬಾಲ್ಕನಿಯ ಕಂಬಿಯ ಮೇಲೆ ಮತ್ತೆ ಧೂಳು, ನಿನ್ನೆಯಷ್ಟೇ ಒರೆಸಿದ್ದು, ಈ ದೊಡ್ಡನೆಕ್ಕುಂದಿಯಲ್ಲಿ ರಸ್ತೆ ಅಗೆಯುವುದು ಎಂದಿಗೆ ಮುಗಿಯುತ್ತದೋ, ಆದರೆ ಈಗ ಏಳುವ ಹಾಗಿಲ್ಲ, ಚನ್ನಬಸಮ್ಮ ಎದ್ದರೆ ಎದುರಿಗೆ ಕೂತ ಮಗಳೂ ಎದ್ದುಬಿಡುತ್ತಾಳೆ — ತಟ್ಟೆ ಖಾಲಿಯಾಗುವವರೆಗೆ ಜೊತೆಗೆ ಕೂತಿರಿ, ತೂಕದ ಮಾತು ಬೇಡ, ಗದರುವುದು ಬೇಡ ಎಂದಿದ್ದರು ಆಸ್ಪತ್ರೆಯ ಮೇಡಂ, ಇದು ಹಟವಲ್ಲಮ್ಮಾ, ಕಾಯಿಲೆ, ನಿಮ್ಮ ತಪ್ಪೂ ಅಲ್ಲ. ಅಲ್ಲವೇ? ಶರಣ್ಯ ಪಿಯುಸಿಯಲ್ಲಿ ತಾನೂ ಸೋಮವಾರದ ಒಪ್ಪತ್ತು ಮಾಡುತ್ತೇನೆಂದಾಗ ಹಿಗ್ಗಿ ಹೀರೇಕಾಯಿಯಾದದ್ದು ಯಾರು, ಗದಗಕ್ಕೆ ಫೋನ್ ಹಚ್ಚಿ ಅತ್ತೆ ಲಕ್ಷ್ಮವ್ವನಿಗೆ ನಿಮ್ಮ ಮೊಮ್ಮಗಳು ನನ್ನೂ ಮೀರಿಸ್ಯಾಳ ಎಂದದ್ದು ಯಾರು — ಸೋಮವಾರಕ್ಕೆ ಗುರುವಾರ ಸೇರಿತು, ಗುರುವಾರಕ್ಕೆ ಶನಿವಾರ, ಎಂಥಾ ಭಕ್ತಿ ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದಾಯಿತು, ಬಚ್ಚಲ ಜಾಲರಿಯಲ್ಲಿ ಕೂದಲ ಉಂಡೆ ಕಂಡಾಗ ಬೋರ್‌ವೆಲ್ ನೀರನ್ನು ಬೈದದ್ದಾಯಿತು, ನಾಲ್ಕು ತಿಂಗಳಿಂದ ಮುಟ್ಟು ನಿಂತದ್ದು ಹೆತ್ತವಳಿಗೆ ತಿಳಿದದ್ದು ಹುಡುಗಿ ಕಾಲೇಜಿನ ಮೆಟ್ಟಿಲ ಮೇಲೆ ಕುಸಿದುಬಿದ್ದ ಮೇಲೆ, ಥೂ, ಕಣ್ಣು ಕುರುಡಾಗಿದ್ದವೇನು ನನ್ನವು.

ಅವಲಕ್ಕಿ ಹಾಗೇ ಇದೆ, ಶರಣ್ಯ ಶೇಂಗಾಬೀಜ ಒಂದೊಂದನ್ನೇ ಆರಿಸಿ ಅಂಚಿಗೆ ದೂಡುತ್ತಿದ್ದಾಳೆ, ಎಷ್ಟು ಸಣಕಲು ಬೆರಳು, ಉಂಗುರ ಜಾರದಿರಲೆಂದು ದಾರ ಸುತ್ತಿಕೊಂಡಿದ್ದಾಳೆ, ಗುರುವಾರ ಮತ್ತೆ ತೂಕ ನೋಡುತ್ತಾರೆ, ಇನ್ನೂ ಇಳಿದಿದ್ದರೆ ಅಡ್ಮಿಟ್ ಮಾಡಲೇಬೇಕಂತೆ, ಮನೆಯವರು ಫ್ಯಾಕ್ಟರಿ ಬಸ್ಸಿಗೆ ಹೊರಡುವಾಗಲೂ ಅದನ್ನೇ ನೆನಪಿಸಿ ಹೋದರು. ಒಂದು ಚಮಚ ತಿನ್ನವ್ವಾ, ಎಂದಳು ಚನ್ನಬಸಮ್ಮ. ಮಗಳು ತಲೆಯೆತ್ತದೆ ಹೇಳಿದಳು, ಇವತ್ತ ಸೋಮವಾರ ಅವ್ವಾ, ನೀ ತಿನ್ನಂಗಿಲ್ಲಲ್ಲ, ನನಗಷ್ಟ ಯಾಕ? — ಇಪ್ಪತ್ತೊಂದು ವರ್ಷದ ಒಪ್ಪತ್ತು, ಸಂಜೆ ಪೂಜೆಯಾಗುವ ತನಕ ನೀರು ಬಿಟ್ಟರೆ ಏನೂ ಇಲ್ಲ, ಹರಕೆ ಹೊತ್ತದ್ದೇ ಇವಳಿಗಾಗಿ, ಎರಡು ಬಸಿರು ಇಳಿದುಹೋದ ಮೇಲೆ ಶಿವನೇ ಒಂದು ಕೂಸು ಉಳಿಸಿಕೊಡು ಎಂದು ಹಿಡಿದದ್ದು, ಬಿಟ್ಟರೆ ಇವಳಿಗೇ ಏನಾದರೂ ಆದರೆ, ಬಿಡದಿದ್ದರೂ ಇವಳಿಗೇ — ಕೊಟ್ಟವನಿಗೆ ಗೊತ್ತಿಲ್ಲವೇ, ಅವನೇನು ನನ್ನ ಬಾಯಿ ಕಾಯುತ್ತ ಕೂತಿರುತ್ತಾನೆಯೇ, ಕೂತಿದ್ದರೆ ಕೂರಲಿ, ಕೇಳಿದರೆ ಉತ್ತರ ಕೊಡುತ್ತೇನೆ. ಇನ್ನೊಂದು ತಟ್ಟೆ ಎಳೆದುಕೊಂಡು ಬಡಿಸಿಕೊಂಡಳು, ಬಾಯಿಗಿಟ್ಟಳು — ಅಯ್ಯೋ, ಉಪ್ಪೇ ಇಲ್ಲ.

ಸೋಮವಾರ ಹಿಂಗ ಇರ್ತದವ್ವಾ, ಎಂದಳು ಶರಣ್ಯ, ನೀ ರುಚಿ ನೋಡಂಗಿಲ್ಲಲ್ಲ, ಒಮ್ಮೆ ಉಪ್ಪ ಇರಂಗಿಲ್ಲ, ಒಮ್ಮೆ ಎರಡ ಸಲ ಹಾಕಿರ್ತಿ, ಅಪ್ಪಾನೂ ಸುಮ್ಮನ ತಿಂದು ಹೋಗ್ತಾರ. ತುಟಿಯ ತುದಿಯಲ್ಲಿ ನಗುವಿನಂಥದ್ದೇನೋ, ಎಷ್ಟು ದಿನವಾಗಿತ್ತು ನೋಡಿ, ನಗಬೇಕೋ ಅಳಬೇಕೋ, ಇಷ್ಟು ವರ್ಷ ಸಪ್ಪೆ ತಿನ್ನಿಸಿದೆನಲ್ಲ ಮಹಾತಾಯಿ ನಾನು, ಒಬ್ಬರಾದರೂ ಬಾಯಿ ಬಿಡಬಾರದೇ, ಹೀಗೆ ಬಾಯಿ ಬಿಡದೆ ಉಳಿದದ್ದು ಇನ್ನೇನೇನಿದೆಯೋ ಈ ಮನೆಯಲ್ಲಿ — ಶರಣ್ಯ ಉಪ್ಪಿನ ಡಬ್ಬಿ ತೆರೆದು ತಾಯಿಯ ತಟ್ಟೆಗೆ ಉದುರಿಸಿದಳು, ಮುಚ್ಚಳ ಹಾಕಲಿಲ್ಲ, ಮತ್ತೆ ಒಂದು ಚಿಟಿಕೆ ಹಿಡಿದಳು, ಕೈಯನ್ನು ತನ್ನ ತಟ್ಟೆಯ ಮೇಲೆ ತಂದಳು, ತಿನ್ನುವವರಷ್ಟೇ ಉಪ್ಪು ಹಾಕಿಕೊಳ್ಳುವುದು, ಮಾತಾಡಬೇಡ ಚನ್ನಬಸಮ್ಮ, ಉಸಿರೂ ಬಿಡಬೇಡ, ನಿನ್ನ ಅವಲಕ್ಕಿ ನೀನು ಅಗಿ — ಆ ಎರಡು ಬೆರಳು, ನಡುವೆ ಒಂದು ಚಿಟಿಕೆ ಉಪ್ಪು, ಬೆರಳು, ಉಪ್ಪು